ಕೆಟ್ಟ ರೇಡಿಯೋ, ಹಳೇ ಟೇಪ್ ರೆಕಾರ್ಡರ್ ಬಿಚ್ಚಿ ಶಬ್ದ ಸಂಗೀತ: ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಮಾಡ್ತಾ ಇದ್ದೀರಾ?

ಹಳೇಬೋರ್ಡು, ಹಾಸನ

ಎಲ್ಲರಿಗೂ ನಮಸ್ಕಾರ. ಮೂಲೆ ಸೇರಿದ ರೇಡಿಯೋ, ಟೇಪ್ ರೆಕಾರ್ಡರ್, ಮಕ್ಕಳ ಕೀಬೋರ್ಡ್ ಬಿಚ್ಚಿ, ಒಳಗಿನ ವೈರಿಂಗ್ ಬದಲಾಯಿಸಿ, ಅದರಿಂದ ಹೊಸ ಶಬ್ದ ಹೊರಡಿಸುವ ಕೆಲಸ ನಮ್ಮ ಕಡೆ ಯಾರಾದರೂ ಮಾಡ್ತಾ ಇದ್ದೀರಾ? ಇದಕ್ಕೆ ಸರ್ಕ್ಯೂಟ್ ಬೆಂಡಿಂಗ್ ಅಂತಾರೆ. ಅಮೆರಿಕದ ರೀಡ್ ಗಜಾಲಾ 1960ರ ದಶಕದಲ್ಲಿ ಇನ್ನೂ ಹುಡುಗ. ಮೇಜಿನ ಡ್ರಾಯರ್‌ನಲ್ಲಿದ್ದ ಅವರ ಪುಟ್ಟ ಆಂಪ್ಲಿಫೈಯರ್ ಯಾವುದೋ ಲೋಹಕ್ಕೆ ತಾಗಿ ಶಾರ್ಟ್ ಆಯಿತು, ತಾನಾಗಿ ಕೂಗಲು ಶುರು ಮಾಡಿತು. ಅಲ್ಲಿಂದ ಅವರು ಬೇಕಂತಲೇ ಶಾರ್ಟ್ ಮಾಡಿ ವಾದ್ಯ ಕಟ್ಟುತ್ತಾ ಹೋದರು. ಆ ಹೆಸರು ಕೊಟ್ಟಿದ್ದೂ ಅವರೇ, 1992ರಲ್ಲಿ.

ನಾನು ಚಿತ್ರಕಲೆ ಓದಿದವಳು. ಎಲೆಕ್ಟ್ರಾನಿಕ್ಸ್ ಓದಿಲ್ಲ, ನೋಡ್ತಾ ಮಾಡ್ತಾ ಕಲಿತಿದ್ದು. ಗುಜರಿ ಅಂಗಡಿಯಿಂದ ತಂದ ಸೆಲ್ ರೇಡಿಯೋ ಒಂದಿದೆ. ಹಿಂದಿನ ಮುಚ್ಚಳ ತೆಗೆದು, ಬೆರಳು ತೇವ ಮಾಡಿಕೊಂಡು ಬೋರ್ಡಿನ ಬೆಸುಗೆ ಚುಕ್ಕೆಗಳ ಮೇಲೆ ಇಟ್ಟರೆ ಸ್ಟೇಷನ್ ಮಾಯವಾಗಿ ಗುರ್ ಅಂತ ಶುರುವಾಗುತ್ತದೆ. ಮೆಲ್ಲಗೆ ಇಟ್ಟರೆ ಒಂದು ದನಿ, ಒತ್ತಿದರೆ ಇನ್ನೊಂದು. ಅಲ್ಲಿ ನಮ್ಮ ಚರ್ಮವೇ ರೆಸಿಸ್ಟರ್. ಒತ್ತಿದಷ್ಟೂ ತಡೆ ಕಡಿಮೆಯಾಗಿ ದನಿ ಏರುತ್ತದೆ. ಆಮ್‌ಸ್ಟರ್‌ಡಾಮ್‌ನಲ್ಲಿ ಮಿಷೆಲ್ ವೈಸ್‌ವಿಸ್ 1970ರ ದಶಕದಲ್ಲಿ ಮಾಡಿದ ಕ್ರಾಕ್‌ಡೋಸ್ ಅನ್ನುವ ಕೈಪೆಟ್ಟಿಗೆ ಕೆಲಸ ಮಾಡುವುದೂ ಹೀಗೇ.

ಇಂಥ ಶಬ್ದಗಳನ್ನೇ ಜೋಡಿಸಿ, ಜನ ಅರ್ಧ ಗಂಟೆ ಕೂತು ಕೇಳುವಂಥದ್ದೊಂದು ಮಾಡಬೇಕು ಅಂತ ನನ್ನ ಆಸೆ. ಏನು ಬಿಚ್ಚಬಹುದು, ಏನು ಮುಟ್ಟಲೇಬಾರದು ಅಂತ ಗೊತ್ತಿರುವವರು ದಯವಿಟ್ಟು ಹೇಳಿ. ಜೊತೆಗೆ ಕೂತು ಮಾಡುವವರು ಸಿಕ್ಕರೆ ಇನ್ನೂ ಸಂತೋಷ.

ರೇಡಿಯೋ ಮೇಷ್ಟ್ರು, ಹಾಸನ

ನೋಡಮ್ಮಾ, ನಾನು ರಿಪೇರಿ ಅಂಗಡಿ ಇಟ್ಟುಕೊಂಡು ಸಂಸಾರ ಸಾಗಿಸಿದವನು. ಮೊದಲು ಜೀವದ ಮಾತು ಹೇಳುತ್ತೇನೆ. ಸೆಲ್ ಮೇಲೆ ನಡೆಯುವುದನ್ನು ಮಾತ್ರ ಮುಟ್ಟು. 3 ವೋಲ್ಟ್, 6 ವೋಲ್ಟ್, 9 ವೋಲ್ಟ್. ಪ್ಲಗ್ಗಿಗೆ ಹಾಕುವ ಯಾವ ಸಾಮಾನಿನ ಬೋರ್ಡಿನ ಮೇಲೂ ಬೆರಳಿಡಬೇಡ.

ಹಳೇ ವಾಲ್ವ್ ರೇಡಿಯೋಗಳಲ್ಲಿ ಎಸಿ-ಡಿಸಿ ಸೆಟ್ ಅಂತ ಬರುತ್ತಿತ್ತು. ಅದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮೇನ್ಸಿನ ಒಂದು ವೈರು ನೇರವಾಗಿ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ ಬಂದಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಯಲ್ಲಿ ಫೇಸ್. ಮರದ ಡಬ್ಬ, ಒಳಗೆ ಹುದುಗಿದ ನಾಬ್ ಸ್ಕ್ರೂ, ಇವೆಲ್ಲ ಇರುವುದೇ ನಮ್ಮ ಕೈ ಅಲ್ಲಿಗೆ ಹೋಗದಿರಲಿ ಅಂತ. ನೋಡೋಕೆ ಚೆಂದ ಅಂತ ಅಂಥ ಸೆಟ್ ತಂದು ಬಿಚ್ಚಬೇಡ.

ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಒಳಗಿನ ಎಸ್‌ಎಂಪಿಎಸ್ ಅನ್ನುವ ಪವರ್ ಸಪ್ಲೈನಲ್ಲಿ ಚಾರ್ಜ್ ಹಿಡಿದಿಡುವ ದೊಡ್ಡ ಕಂಡೆನ್ಸರ್ (ಕೆಪಾಸಿಟರ್) ಇರುತ್ತದಲ್ಲ, ಅದರಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಇನ್ನು ಪಿಕ್ಚರ್ ಟ್ಯೂಬಿನ ಟಿವಿ. ಕಲರ್ ಟಿವಿಯ ಟ್ಯೂಬಿಗೆ ಹೋಗುವ ಆ ರಬ್ಬರ್ ಕ್ಯಾಪಿನ ಕೆಳಗೆ 20ರಿಂದ 25 ಸಾವಿರ ವೋಲ್ಟ್. ಟ್ಯೂಬು ಆ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಗಾಳಿ ಇಲ್ಲದ ಗಾಜು, ಒಡೆದರೆ ಸಿಡಿಯಬಹುದು. ಗಾಜಿನಲ್ಲಿ ಸೀಸ ಬೇರೆ. ಟಿವಿ ಬಿಚ್ಚುವುದು ಬೇಡವೇ ಬೇಡ.

ಎರಡನೆಯದು ನನ್ನ ಹೊಟ್ಟೆಯ ಸಂಕಟ. ರಿಪೇರಿ ಆಗುವ ಸೆಟ್ಟನ್ನು ಕೆಡಿಸಬೇಡ. ಗುಜರಿಗೆ ಬಂದ ರೇಡಿಯೋ ಎಲ್ಲ ಸತ್ತ ರೇಡಿಯೋ ಅಲ್ಲ. ಬ್ಯಾಂಡ್ ಸ್ವಿಚ್ಚಿಗೆ ಕಿಲುಬು ಹಿಡಿದಿರುತ್ತದೆ, ಸೆಲ್ ಸೋರಿ ಸ್ಪ್ರಿಂಗ್ ತಿಂದಿರುತ್ತದೆ, ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಣಗಿರುತ್ತದೆ. ಚೂರು ಕೈ ಆಡಿಸಿದರೆ ಮತ್ತೆ ಹಾಡುತ್ತದೆ. ಸ್ಟೇಷನ್ ತಿರುಗಿಸುವ ಗ್ಯಾಂಗ್ ಕಂಡೆನ್ಸರ್, ಐಎಫ್‌ಟಿ ಅನ್ನುವ ಪುಟ್ಟ ಸುರುಳಿ ಡಬ್ಬಿ ಇವೆಲ್ಲ ಈಗ ಸುಲಭಕ್ಕೆ ಸಿಗುವುದಿಲ್ಲ. ಒಳ್ಳೇ ಸೆಟ್ ಕೊಯ್ದು ಸಿಳ್ಳೆ ಹೊಡೆಸುವುದು ನನಗೆ ಸರಿ ಕಾಣುವುದಿಲ್ಲ.

ಹಳೇಬೋರ್ಡು, ಹಾಸನ

ಮೇಷ್ಟ್ರೇ, ಎರಡನ್ನೂ ತಲೆ ಮೇಲೆ ಹೊತ್ತು ಪಾಲಿಸುತ್ತೇನೆ. ಹಾಗಾದರೆ ಒಂದು ನಿಯಮ ಮಾಡಿಕೊಳ್ಳೋಣವಾ? ಮೊದಲು ರಿಪೇರಿಗೆ ಪ್ರಯತ್ನ. ಆಗದೇ ಹೋದರೆ ಮಾತ್ರ ಬೆಂಡಿಂಗ್. ನಡೆಯುವ ಸೆಟ್ಟಿನಲ್ಲಿ ಮಾಡಲೇಬೇಕು ಅಂದರೆ ಬೋರ್ಡಿನ ತಾಮ್ರದ ಗೆರೆ (ಟ್ರ್ಯಾಕ್) ಕೊಯ್ಯದೆ, ಹೊರಗಿಂದ ವೈರ್ ಎಳೆದು ಸ್ವಿಚ್ ಹಾಕುವುದು. ಸ್ವಿಚ್ ಆಫ್ ಮಾಡಿದರೆ ಮತ್ತೆ ಹಳೇ ರೇಡಿಯೋನೇ.

ಟಿನ್‌ಶೀಟ್ ಮಳೆ, ಮೂಡಿಗೆರೆ

ನಮ್ಮದು ತೋಟದ ಮನೆ. ನಾನು ರೇಡಿಯೋ ಬಿಚ್ಚುವುದಿಲ್ಲ, ಅದರಲ್ಲಿ ಸ್ಟೇಷನ್ ಅಲ್ಲದ್ದನ್ನು ಕೇಳುತ್ತೇನೆ. ಮೀಡಿಯಂ ವೇವ್ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ತೋಟದಲ್ಲಿ ನಡೆಯಿರಿ. ಆನೆಗೆ ಅಂತ ಹಾಕಿರುವ ಸೋಲಾರ್ ಬೇಲಿ ಹತ್ತಿರ ಬರುತ್ತಿದ್ದಂತೆ ಟಕ್, ಟಕ್, ಟಕ್ ಅಂತ ಕೇಳುತ್ತದೆ. ಬೇಲಿಯ ಯಂತ್ರ ಹೆಚ್ಚು ಕಡಿಮೆ ಸೆಕೆಂಡಿಗೊಮ್ಮೆ ಹೈ ವೋಲ್ಟೇಜ್ ಹೊಡೆತ ಬಿಡುತ್ತದೆ. ತಂತಿಗೆ ಬಳ್ಳಿ ತಾಗಿದ್ದರೆ, ಇನ್ಸುಲೇಟರ್ ಒಡೆದಿದ್ದರೆ ಅಲ್ಲಿ ಪುಟ್ಟ ಕಿಡಿ ಹಾರುತ್ತದೆ. ಆ ಕಿಡಿ ರೇಡಿಯೋದಲ್ಲಿ ಜೋರಾಗಿ ಸಿಡಿಯುತ್ತದೆ. ಹೀಗಾಗಿ ಬೇಲಿ ಎಲ್ಲಿ ಕೆಟ್ಟಿದೆ ಅಂತಲೂ ಗೊತ್ತಾಗುತ್ತದೆ. ದಯವಿಟ್ಟು ಬೇಲಿಗೆ ಯಾವ ವೈರನ್ನೂ ಸೇರಿಸಬೇಡಿ, ದೂರದಿಂದಲೇ ಕೇಳಿ.

ಏಪ್ರಿಲ್, ಮೇ ಸಂಜೆ ಇದೇ ರೇಡಿಯೋದಲ್ಲಿ ಗುಡುಗಿಗೂ ಮೊದಲೇ ಮಿಂಚು ಕೇಳುತ್ತದೆ. ಘಟ್ಟದ ಆಚೆ ಎಲ್ಲೋ ಮಿಂಚಿದರೂ ಇಲ್ಲಿ ಚರ್‌ರ್ ಅನ್ನುತ್ತದೆ. ಆಕಾಶದಲ್ಲಿ ಏನೂ ಕಾಣದ ಹೊತ್ತಿನಲ್ಲಿ ಅದನ್ನು ಕೇಳುವುದು ನನಗೆ ತುಂಬಾ ಇಷ್ಟ. ಬೇಲಿಯ ಟಕ್ ಟಕ್ ತಾಳ ತಪ್ಪುವುದಿಲ್ಲ, ಮಿಂಚಿಗೆ ತಾಳವೇ ಇಲ್ಲ. ಎರಡೂ ಒಟ್ಟಿಗೆ ಬಂದಾಗ ನಾನು ಬೇರೇನನ್ನೂ ಸೇರಿಸುವುದಿಲ್ಲ, ಹಾಗೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ಇನ್ನೊಂದು, ಬಜರ್ ತಟ್ಟೆ. ಕೆಟ್ಟ ಗಡಿಯಾರ, ಆಟಿಕೆಗಳಲ್ಲಿ ಹಿತ್ತಾಳೆ ಬಣ್ಣದ ತೆಳ್ಳನೆಯ ಬಿಲ್ಲೆ ಇರುತ್ತದಲ್ಲ, ಅದು ಪೀಜೋ. ಕರೆಂಟ್ ಕೊಟ್ಟರೆ ಅದುರುತ್ತದೆ, ಅದುರಿಸಿದರೆ ಕರೆಂಟ್ ಕೊಡುತ್ತದೆ. ಎರಡು ವೈರ್ ಬೆಸೆದು ತಗಡಿನ ಮಾಡಿಗೆ ಅಂಟಿಸಿದರೆ ಮಳೆಯ ಒಂದೊಂದು ಹನಿಯೂ ಬೇರೆ ಬೇರೆ ಕೇಳುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಓಡುವಾಗ ಅದರ ಕಾಲಿಗೆ ಅಂಟಿಸಿ ನೋಡಿ, ಹೊರಗೆ ಕೇಳುವ ಗದ್ದಲಕ್ಕೂ ಕಬ್ಬಿಣದ ಒಳಗಿನ ದನಿಗೂ ಸಂಬಂಧವೇ ಇಲ್ಲ. ಬೆಸೆಯುವಾಗ ಮಾತ್ರ ಬೇಗ ಕೈ ತೆಗೆಯಿರಿ, ಬಿಸಿ ಜಾಸ್ತಿಯಾದರೆ ಮಧ್ಯದ ಬಿಳಿ ಪದರ ಹಾಳಾಗುತ್ತದೆ.

ಸ್ವರಾಭ್ಯಾಸ, ಚಿಕ್ಕಮಗಳೂರು

ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ನೀವು ಬರೆದದ್ದನ್ನೆಲ್ಲ ಓದಿದೆ, ಆಸಕ್ತಿಯಿಂದಲೇ ಓದಿದೆ. ಆದರೂ ಕೇಳಬೇಕು ಅನ್ನಿಸಿತು. ಶ್ರುತಿ ಇಲ್ಲ, ಲಯ ಇಲ್ಲ, ಸಾಹಿತ್ಯ ಇಲ್ಲ. ಕೇಳುವವರು ಏನನ್ನು ಹಿಡಿದುಕೊಂಡು ಕೇಳಬೇಕು? ಇದಕ್ಕೆ ಸಂಗೀತ ಅನ್ನುವ ಹೆಸರೇ ಯಾಕೆ ಬೇಕು?

ಹಳೇಬೋರ್ಡು, ಹಾಸನ

ಮೇಡಂ, ಕೇಳಿದ್ದು ಒಳ್ಳೆಯದಾಯಿತು. ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ಇಟಲಿಯ ಲೂಯಿಜಿ ರುಸ್ಸೊಲೊ ಅನ್ನುವ ಚಿತ್ರಕಾರ 1913ರಲ್ಲೇ ಬರೆದರು: ಯಂತ್ರಗಳು ಬಂದ ಮೇಲೆ ನಮ್ಮ ಕಿವಿಯೇ ಬದಲಾಗಿದೆ, ಸಂಗೀತವೂ ಗದ್ದಲವನ್ನು ಒಳಗೆ ಕರೆದುಕೊಳ್ಳಬೇಕು ಅಂತ. ಅದಕ್ಕಾಗಿ ಹಿಡಿ ತಿರುಗಿಸಿ ಗುಡುಗಿಸುವ ಪೆಟ್ಟಿಗೆಗಳನ್ನೇ ಕಟ್ಟಿದರು. 1948ರಲ್ಲಿ ಪ್ಯಾರಿಸ್‌ನ ರೇಡಿಯೋ ಕೇಂದ್ರದಲ್ಲಿ ಪಿಯರ್ ಶೆಫರ್ ರೈಲಿನ ಸದ್ದನ್ನು ರೆಕಾರ್ಡ್ ಮಾಡಿ, ತುಣುಕುಗಳನ್ನು ಜೋಡಿಸಿ ಕೃತಿ ಮಾಡಿದರು. 1951ರಲ್ಲಿ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ 12 ರೇಡಿಯೋಗಳಿಗೆ ಒಂದು ರಚನೆ ಬರೆದರು. ಒಂದೊಂದು ರೇಡಿಯೋಗೆ ಇಬ್ಬರು, ಒಬ್ಬರು ಸ್ಟೇಷನ್ ತಿರುಗಿಸಲು, ಒಬ್ಬರು ವಾಲ್ಯೂಮ್‌ಗೆ. ಆ ಹೊತ್ತಿನಲ್ಲಿ ಗಾಳಿಯಲ್ಲಿ ಏನಿದೆಯೋ ಅದೇ ಕಛೇರಿ.

ಇದು ಬರೀ ಹೊರಗಿನವರ ಕಥೆಯೂ ಅಲ್ಲ. ಕೇಜ್ ಅವರಿಗೆ 1946ರಲ್ಲಿ ನ್ಯೂಯಾರ್ಕಿನಲ್ಲಿ ಭಾರತೀಯ ಸಂಗೀತ ಹೇಳಿಕೊಟ್ಟವರು ಅಹಮದಾಬಾದಿನ ಗೀತಾ ಸಾರಾಭಾಯಿ. ಅದೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು, ಕರೆಂಟಿನಿಂದ ದನಿ ಹುಟ್ಟಿಸುವ ಮೂಗ್ ಸಿಂಥಸೈಜರ್ ಇಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಕಟ್ಟಿದರು. ಗೀತಾ ಅವರೂ ಅದರಲ್ಲಿ ಕೆಲಸ ಮಾಡಿದರು. ನಮ್ಮ ಮೈಸೂರನ್ನೇ ನೋಡಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಮನಃಶಾಸ್ತ್ರದ ಪ್ರೊಫೆಸರ್ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಶುರು ಮಾಡಿ ನಡೆಸಿದರು. ಅದಕ್ಕೆ ಆಕಾಶವಾಣಿ ಅಂತ ಹೆಸರು ಬಂತು. ಮನೆಯಲ್ಲಿ ಕೂತು ಯಂತ್ರ ಹಿಡಿದು ಹೊಸದು ಮಾಡುವುದು ನಮಗೆ ಹೊಸತಲ್ಲ.

ಏನನ್ನು ಹಿಡಿದುಕೊಂಡು ಕೇಳಬೇಕು ಅಂದಿರಿ. ನಾನು ಮೈ ಹಿಡಿದುಕೊಂಡು ಕೇಳುತ್ತೇನೆ. ದನಿ ಒರಟಾಗಿದೆಯಾ, ನಯವಾಗಿದೆಯಾ, ಹತ್ತಿರವಾ, ದೂರವಾ, ತೆಳುವಾಗುತ್ತಿದೆಯಾ, ತುಂಬಿಕೊಳ್ಳುತ್ತಿದೆಯಾ. ಚಿತ್ರದಲ್ಲಿ ಮನುಷ್ಯ, ಮರ ಇಲ್ಲದಿದ್ದರೂ ಬಣ್ಣ ನೋಡುತ್ತಾ ನಿಲ್ಲುತ್ತೇವಲ್ಲ, ಹಾಗೆ. ಸಂಗೀತ ಅನ್ನುವ ಹೆಸರು ಬೇಡ ಅನ್ನಿಸಿದರೆ ಬಿಡಿ, ಒಂದು ಸಲ ಬಂದು ಕೂತು ಕೇಳಿ. ನಿಮ್ಮ ಕಿವಿ ನಮಗೆ ಬೇಕು.

ಸುರುಳಿ, ಅರಸೀಕೆರೆ

ನನ್ನದು ಕ್ಯಾಸೆಟ್ ಹುಚ್ಚು. ಈ ಭಾಗದಲ್ಲಿ ಎಲ್ಲರ ಮನೆಯ ಅಟ್ಟದ ಮೇಲೂ ಒಂದು ಡಬ್ಬ ಕ್ಯಾಸೆಟ್ ಇದೆ. ಭಾವಗೀತೆ, ಹರಿಕಥೆ, ನಾಟಕ, ಮದುವೆಯಲ್ಲಿ ಮಾಡಿದ ರೆಕಾರ್ಡಿಂಗ್. ಮೊದಲು ಅವನ್ನು ಕೇಳಿ, ಮನೆಯವರ ದನಿ ಇದ್ದರೆ ಕಂಪ್ಯೂಟರ್‌ಗೆ ಹಾಕಿ ಉಳಿಸಿಕೊಳ್ಳಿ. ಅದಾದ ಮೇಲೆ ಬೂಸ್ಟು ಹಿಡಿದವು, ತುಂಡಾದವು ಉಳಿಯುತ್ತವೆ. ನನ್ನ ಕೆಲಸ ಅವುಗಳ ಮೇಲೆ.

ಲೂಪ್ ಮಾಡುವ ಬಗೆ ಹೇಳುತ್ತೇನೆ. ಸ್ಕ್ರೂ ಇರುವ ಕ್ಯಾಸೆಟ್ಟೇ ತಗೊಳ್ಳಿ, ಅಂಟಿಸಿದ್ದು ಬಿಚ್ಚಲು ಬರುವುದಿಲ್ಲ. ಒಳಗಿನ ಟೇಪ್ ಎಲ್ಲ ತೆಗೆದು, ಮೂಲೆಯ ಎರಡು ರೋಲರ್, ಒಂದು ಚಕ್ರ ಸುತ್ತಿ ಬರುವಷ್ಟು ಉದ್ದ ಮಾತ್ರ ಕತ್ತರಿಸಿ. ಟೇಪ್ ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಅಂದರೆ 24 ಸೆಂಟಿಮೀಟರ್ ತುಂಡಿಗೆ 5 ಸೆಕೆಂಡ್. ಎರಡು ತುದಿ ಓರೆಯಾಗಿ ಕತ್ತರಿಸಿ ಜೋಡಿಸಿ, ಹಿಂಬದಿಗೆ ಅಂಟು ಟೇಪ್ ಹಾಕಿ. ಟೇಪ್ ಓದುವ ಹೆಡ್ ಮುಟ್ಟುವ ಬದಿಗೆ ಅಂಟು ಬರಲೇಬಾರದು. ಬಿಗಿಯಾದರೆ ಮೋಟಾರ್ ಎಳೆಯದು, ಸಡಿಲವಾದರೆ ಸಿಕ್ಕಿಕೊಳ್ಳುತ್ತದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮಾಡುತ್ತಾ ಕೈಗೆ ಅಭ್ಯಾಸ ಆಗಬೇಕು.

ಇದಕ್ಕಿಂತ ಚೆಂದದ್ದು ಅಳಿಸುವ ಹೆಡ್ ಸರಿಸುವುದು. ರೆಕಾರ್ಡ್ ಒತ್ತಿದಾಗ ಟೇಪ್ ಮೊದಲು ಅಳಿಸುವ ಹೆಡ್ ದಾಟಿ ಆಮೇಲೆ ರೆಕಾರ್ಡ್ ಹೆಡ್‌ಗೆ ಬರುತ್ತದೆ. ಹಳೇ ಸೆಲ್ ಟೇಪ್ ರೆಕಾರ್ಡರ್‌ಗಳಲ್ಲಿ ಬಹಳಷ್ಟಕ್ಕೆ ಅದು ಬರೀ ಒಂದು ಅಯಸ್ಕಾಂತದ ತುಂಡು. ಅದನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದರೆ ಹಳೆಯದು ಅಳಿಯುವುದಿಲ್ಲ, ಹೊಸದು ಅದರ ಮೇಲೇ ಕೂರುತ್ತದೆ. ಆದರೆ ರೆಕಾರ್ಡ್ ಮಾಡುವಾಗ ಹೆಡ್‌ಗೆ ದನಿಯ ಜೊತೆ ಕೊಡುವ ಬಯಾಸ್ ಕರೆಂಟ್ ಕೂಡ ಒಂದೊಂದು ಸುತ್ತಿಗೂ ಹಳೆಯದನ್ನು ಚೂರು ಚೂರೇ ಮಸುಕು ಮಾಡುತ್ತದೆ. ಮೇಲೆ ಮೇಲೆ ಹಾಕುತ್ತಾ ಹೋದಂತೆ ಮೊದಲಿನ ಮಾತು ಮಾತಾಗಿ ಉಳಿಯದೆ ಬರೀ ಗುಂಯ್ ಅನ್ನುವ ಹಿನ್ನೆಲೆಯಾಗುತ್ತದೆ. ನಾನು ಒಂದು ಲೂಪಿನಲ್ಲಿ ಅರಸೀಕೆರೆ ಜಂಕ್ಷನ್ನಿನ ಅನೌನ್ಸ್‌ಮೆಂಟ್ ಮೇಲೆ ರೈಲಿನ ಬ್ರೇಕ್, ಅದರ ಮೇಲೆ ಚಹಾ ಮಾರುವವರ ಕೂಗು ಹಾಕಿದ್ದೇನೆ. ಬ್ರೇಕಿನ ಕಿರುಚು ಒಂದೇ ಕೊನೆವರೆಗೆ ಗಟ್ಟಿಯಾಗಿ ಉಳಿಯಿತು. ಅದು ಹಾಗೇಕೆ ಅಂತ ಯೋಚಿಸುವುದೇ ಒಂದು ಪಾಠ.

ವೇಗ ಬದಲಾಯಿಸಲು ಮೋಟಾರಿನ ಹಿಂದಿನ ಪುಟ್ಟ ತೂತು ನೋಡಿ. ಒಳಗೆ ವೇಗ ಹೊಂದಿಸುವ ಟ್ರಿಮ್ಮರ್ ಇದ್ದರೆ ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ತಿರುಗುತ್ತದೆ. ಅದರ ಎರಡು ಕಾಲಿಂದ ವೈರ್ ಎಳೆದು ಹೊರಗೆ ವಾಲ್ಯೂಮ್ ಕಂಟ್ರೋಲ್ ಹಾಕಿದರೆ ವೇಗವೇ ನಿಮ್ಮ ಕೈಯಲ್ಲಿ.

ಮೈಕ್‌ಸೆಟ್, ಬೇಲೂರು

ಅಣ್ಣಂದಿರಾ, ಅಕ್ಕಂದಿರಾ, ನಾನು ಮದುವೆ, ಜಾತ್ರೆಗೆ ಮೈಕ್ ಸೆಟ್ ಹಾಕುವವನು. ಮೈಕ್ ಕೂಗಬಾರದು ಅಂತಲೇ ನಮ್ಮ ಕಷ್ಟವೆಲ್ಲ. ಆದರೆ ಗಿರಾಕಿ ಇಲ್ಲದ ದಿನ ನಾನು ಕೂಗಿಸುತ್ತೇನೆ.

ಮೈಕುಗಳ ದನಿ ಬೆರೆಸುವ ಹಳೇ ಮಿಕ್ಸರ್ ಒಂದಿದ್ದರೆ ಮೈಕೂ ಬೇಡ. ಮಿಕ್ಸರಿನ ಔಟ್‌ಪುಟ್ ತಗೊಂಡು ಅದೇ ಮಿಕ್ಸರಿನ ಇನ್‌ಪುಟ್ಟಿಗೆ ಹಾಕಿ. ಒಳಗಿನ ಸಣ್ಣ ಹಿಸ್ ಸುತ್ತಿ ಸುತ್ತಿ ಬೆಳೆದು ಸ್ವರವಾಗುತ್ತದೆ. ಟ್ರೆಬಲ್ ಏರಿಸಿದರೆ ಸಣ್ಣ ಸಿಳ್ಳೆ, ಬಾಸ್ ಏರಿಸಿದರೆ ದಡದಡ. ಎರಡು ಚಾನೆಲ್ ಹೀಗೆ ಸುತ್ತು ಹಾಕಿ ಒಂದಕ್ಕೊಂದು ಬೆರೆಸಿದರೆ ಅವು ತಾವೇ ಜಗಳ ಶುರು ಮಾಡುತ್ತವೆ. ಜಪಾನಿನ ತೋಶಿಮಾರು ನಕಮುರಾ ಅನ್ನುವವರು ಇದೊಂದನ್ನೇ ತಮ್ಮ ವಾದ್ಯ ಮಾಡಿಕೊಂಡಿದ್ದಾರೆ. ನಾಬ್ ಒಂದು ಕೂದಲಷ್ಟು ತಿರುಗಿದರೂ ದನಿ ಪೂರಾ ಬೇರೆ. ಬಹಳ ತಾಳ್ಮೆ ಬೇಕು.

ಕಿವಿಯ ವಿಷಯ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಈ ಕೂಗು ಕಣ್ಣು ಮಿಟುಕಿಸುವಷ್ಟರಲ್ಲಿ ಏರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಯಾವತ್ತೂ ಮಾಡಬೇಡಿ. ಸಣ್ಣ ಸ್ಪೀಕರ್, ಕಡಿಮೆ ವಾಲ್ಯೂಮ್, ಮಧ್ಯೆ ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್. 85 ಡೆಸಿಬೆಲ್ ಆದರೆ 8 ಗಂಟೆ ತಡೆದುಕೊಳ್ಳಬಹುದು. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧಕ್ಕರ್ಧ. 100 ಡೆಸಿಬೆಲ್‌ಗೆ ಬರೀ 15 ನಿಮಿಷ. ನಮ್ಮ ಕಸುಬಿನವರಲ್ಲಿ ಎಷ್ಟೋ ಜನಕ್ಕೆ ಕಿವಿ ಮಂದ. ಹೋದ ಕಿವಿ ವಾಪಸ್ ಬರುವುದಿಲ್ಲ.

ಕಡೂರ್ ಹುಡುಗ

ನಾನು ಡಿಪ್ಲೊಮಾ ಓದ್ತಾ ಇದ್ದೇನೆ. ಹಳೇ ಸಾಮಾನು ಸಿಗದಿದ್ದರೆ ಏನು ಮಾಡಬಹುದು? ಕಾಸು ಜಾಸ್ತಿ ಇಲ್ಲ.

ಹಳೇಬೋರ್ಡು, ಹಾಸನ

ತಮ್ಮಾ, ಸಿಡಿ 40106 ಅಂತ ಒಂದು ಐಸಿ ಕೇಳು, ಅಗ್ಗಕ್ಕೆ ಸಿಗುತ್ತದೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರ ಕೈಲಿ ತರಿಸು. ಒಳಗೆ ಆರು ಇನ್ವರ್ಟರ್ ಇವೆ, ಮನೆಯ ಯುಪಿಎಸ್ ಅಲ್ಲ, ಸಿಗ್ನಲ್ ತಿರುವುಮುರುವು ಮಾಡುವ ಪುಟ್ಟ ಸರ್ಕ್ಯೂಟ್. ಬಳಸುವ ಒಂದೊಂದಕ್ಕೂ ಇನ್‌ಪುಟ್ಟಿಂದ ನೆಲಕ್ಕೆ (ಬ್ಯಾಟರಿಯ ಮೈನಸ್) 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಔಟ್‌ಪುಟ್ಟಿಂದ ಇನ್‌ಪುಟ್ಟಿಗೆ 1 ಮೆಗ್‌ನ (10 ಲಕ್ಷ ಓಮ್) ಪಾಟ್, ಅಂದರೆ ತಿರುಗಿಸಿ ತಡೆ ಬದಲಿಸುವ ರೆಸಿಸ್ಟರ್, ಜೊತೆಗೆ ಸರಣಿಯಲ್ಲಿ 10ಕೆ ರೆಸಿಸ್ಟರ್ ಒಂದು. 9 ವೋಲ್ಟ್ ಬ್ಯಾಟರಿ. ಪಾಟ್ ಪೂರ್ತಿ ಇದ್ದರೆ ಟಕಟಕ, ಇಳಿಸಿದರೆ ಸಿಳ್ಳೆ. ಉಳಿದ ಇನ್ವರ್ಟರ್‌ಗಳ ಇನ್‌ಪುಟ್ ನೆಲಕ್ಕೆ ಸೇರಿಸು, ಗಾಳಿಯಲ್ಲಿ ಬಿಡಬೇಡ. ಪಾಟ್ ಬದಲು ಬೆಳಕಿಗೆ ತಡೆ ಬದಲಾಗುವ ಎಲ್‌ಡಿಆರ್ ಹಾಕಿದರೆ ಕೈ ನೆರಳಿನಲ್ಲೇ ನುಡಿಸಬಹುದು. ಸ್ಪೀಕರ್‌ಗೆ ಎಲ್‌ಎಂ 386 ಅನ್ನುವ ಆಂಪ್ಲಿಫೈಯರ್ ಐಸಿ ಸಾಕು. ಸುಮ್ನೆ ಇಟ್ಟರೆ 20 ಪಟ್ಟು, 1 ಮತ್ತು 8ನೇ ಕಾಲಿನ ಮಧ್ಯೆ 10 ಮೈಕ್ರೋಫ್ಯಾರಡ್ ಹಾಕಿದರೆ 200 ಪಟ್ಟು. ಈ ಕೆಲಸಕ್ಕೆ 20 ಪಟ್ಟೇ ಧಾರಾಳ.

ರೇಡಿಯೋ ಮೇಷ್ಟ್ರು, ಹಾಸನ

ಎಲ್ಲ ಓದುತ್ತಾ ಇದ್ದೇನೆ. ಒಂದೂ ತಂತಿ ಕೊಯ್ಯದೆ ಮಾಡುವ ಆಟ ಒಂದು ಹೇಳುತ್ತೇನೆ. ನಮ್ಮ ಕಾಲದ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿದ್ದದ್ದೇ, ಲೋಕಲ್ ಆಸಿಲೇಟರ್ ನಡೆಯುತ್ತಿದೆಯಾ ಅಂತ ನೋಡಲು ಮಾಡುತ್ತಿದ್ದೆವು. ಎರಡು ಟ್ರಾನ್ಸಿಸ್ಟರ್ ರೇಡಿಯೋ ಬೇಕು. ರಾತ್ರಿ ಮೀಡಿಯಂ ವೇವ್‌ನಲ್ಲಿ 1000 ಕಿಲೋಹರ್ಟ್ಸ್ ಮೇಲೆ ಯಾವುದಾದರೂ ದೂರದ ಸ್ಟೇಷನ್ ಹಿಡಿ. ಎರಡನೇ ರೇಡಿಯೋ ಪಕ್ಕದಲ್ಲಿಟ್ಟು, ಅದನ್ನು ಆ ಸ್ಟೇಷನ್ನಿಗಿಂತ 455 ಕಿಲೋಹರ್ಟ್ಸ್ ಕೆಳಗೆ ತಿರುಗಿಸು. ಪ್ರತಿ ರೇಡಿಯೋ ಒಳಗೂ ತಾನು ಹಿಡಿದ ಸ್ಟೇಷನ್ನಿಗಿಂತ 455 ಮೇಲೆ ಒಂದು ಆಸಿಲೇಟರ್, ಅಂದರೆ ತಾನೇ ಅಲೆ ಹುಟ್ಟಿಸುವ ಸರ್ಕ್ಯೂಟ್, ಓಡುತ್ತಿರುತ್ತದೆ. ಅದು ಚೂರು ಹೊರಗೆ ಸೋರುತ್ತದೆ. ಆ ಸೋರಿಕೆಯೂ ಸ್ಟೇಷನ್ನಿನ ಅಲೆಯೂ ಸೇರಿ, ಎರಡರ ವ್ಯತ್ಯಾಸ ಸಿಳ್ಳೆಯಾಗಿ ಕೇಳುತ್ತದೆ. ಎರಡನೇ ರೇಡಿಯೋದ ಹಿಂಬದಿ ತೆಗೆದು ಗ್ಯಾಂಗಿನ ಹತ್ತಿರ ಕೈ ಆಡಿಸಿದರೆ ಸಿಳ್ಳೆ ಏರುತ್ತದೆ, ಇಳಿಯುತ್ತದೆ. ಮುಟ್ಟುವುದೇ ಬೇಡ. ರಷ್ಯಾದ ಥೆರೆಮಿನ್ 1920ರ ಸುಮಾರಿಗೆ ಮಾಡಿದ ವಾದ್ಯವೂ ಇದೇ ಲೆಕ್ಕದ ಮೇಲೆ ನಡೆಯುವುದು.

ಅಮ್ಮಾ, ನೀನು ಹೇಳಿದ ನಿಯಮ ನನಗೆ ಒಪ್ಪಿಗೆ. ನನ್ನ ಹತ್ತಿರ ಐಎಫ್‌ಟಿ ಸುಟ್ಟ, ಗ್ಯಾಂಗ್ ಒಡೆದ ಸೆಟ್‌ಗಳು ಒಂದು ಮೂಟೆ ಇವೆ. ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ ಅಂತ ಇಟ್ಟಿದ್ದೆ. ತಗೊಂಡು ಹೋಗಿ. ಬೆಸುಗೆ ಹಾಕಿದ ಮೇಲೆ ಕೈ ತೊಳೆದೇ ತಿಂಡಿ ಮುಟ್ಟಬೇಕು, ಹಳೇ ಬೆಸುಗೆಯಲ್ಲಿ ಸೀಸ ಇದೆ. ಉಳಿದ ಬೋರ್ಡುಗಳನ್ನು ಸುಡಬೇಡಿ, ವೈರ್ ಸುಟ್ಟು ತಾಮ್ರ ತೆಗೆಯುವುದಂತೂ ಬೇಡವೇ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಸ್ವರಾಭ್ಯಾಸ, ಚಿಕ್ಕಮಗಳೂರು

ನಾನು ಕೇಳಿದ ಪ್ರಶ್ನೆಯ ಬಗ್ಗೆ ಯೋಚಿಸುತ್ತಿದ್ದೆ. ನಮ್ಮ ತಂಬೂರಿಯಲ್ಲಿ ಕುದುರೆಯ (ತಂತಿಗಳು ಹಾದುಹೋಗುವ ಸೇತುವೆ) ಮೇಲೆ, ತಂತಿಯ ಕೆಳಗೆ ಒಂದು ದಾರ ಇಡುತ್ತೇವೆ. ಅದನ್ನು ಚೂರು ಚೂರು ಸರಿಸಿದಾಗ ತಂತಿ ಕುದುರೆಗೆ ತಗುಲಿ ಝೇಂಕರಿಸುತ್ತದೆ. ದಾರ ತೆಗೆದರೆ ತಂತಿಯ ದನಿ ಶುದ್ಧವಾಗಿರುತ್ತದೆ, ಆದರೆ ಸಪ್ಪೆ. ಆ ಝೇಂಕಾರ ಬೇಕು ಅಂತಲೇ ನಾವು ತಂತಿಗೆ ತೊಡಕು ಕೊಡುವುದು. ಇದನ್ನು ನಿಮ್ಮ ಕೆಲಸದ ಜೊತೆ ಇಟ್ಟು ನೋಡಬೇಕು ಅನ್ನಿಸಿದೆ. ಎಲ್ಲವೂ ಒಂದೇ ಅಂತ ನಾನು ಹೇಳುವುದಿಲ್ಲ, ಶ್ರುತಿಯ ಬಗ್ಗೆ ನನ್ನ ಮಾತು ಹಾಗೇ ಇದೆ. ಆದರೆ ಬಂದು ಕೇಳುತ್ತೇನೆ. ಮಕ್ಕಳನ್ನೂ ಕರೆತರುತ್ತೇನೆ, ವಾಲ್ಯೂಮ್ ಕಡಿಮೆ ಇರುತ್ತದೆ ಅಂದರೆ ಮಾತ್ರ.

ಮತ್ತೆ, ಮೂಡಿಗೆರೆಯವರು ಹೇಳಿದ ಆ ಬಜರ್ ತಟ್ಟೆಯನ್ನು ತಂಬೂರಿಗೆ ಅಂಟಿಸಬಹುದಾ? ವಾದ್ಯಕ್ಕೆ ಏನೂ ಆಗಬಾರದು.

ಮೈಕ್‌ಸೆಟ್, ಬೇಲೂರು

ವಾಲ್ಯೂಮ್ ನನ್ನ ಜವಾಬ್ದಾರಿ ಮೇಡಂ. ಡೆಸಿಬೆಲ್ ಮೀಟರ್ ಮಕ್ಕಳ ಪಕ್ಕದಲ್ಲೇ ಇಡುತ್ತೇನೆ. ದೊಡ್ಡ ಕಲಾಕ್ಷೇತ್ರ ಬೇಡ, ಇಪ್ಪತ್ತು ಜನ ಕೂರುವ ಪಡಸಾಲೆ ಇದ್ದರೆ ಹಾರ್ನ್ ಸ್ಪೀಕರ್ ಮನೆಯಲ್ಲೇ ಬಿಟ್ಟು ಬರುತ್ತೇನೆ.

ಟಿನ್‌ಶೀಟ್ ಮಳೆ, ಮೂಡಿಗೆರೆ

ಖಂಡಿತ ಅಂಟಿಸಬಹುದು ಮೇಡಂ. ಫೆವಿಕ್ವಿಕ್ ಥರದ್ದು ಯಾವುದೂ ಬೇಡ, ಪಾಲಿಶ್ ಕಿತ್ತು ಬರುತ್ತದೆ. ಜೇನುಮೇಣ ಕೈಯಲ್ಲಿ ಮೆದು ಮಾಡಿ, ತೆಳ್ಳಗೆ ಸವರಿ, ಕುದುರೆಯ ಪಕ್ಕದ ಹಲಗೆಗೆ ಒತ್ತಿದರೆ ಸಾಕು. ಆಮೇಲೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮೊದಲು ತಂಬೂರಿಯ ಕೊಡದ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ ಚೂರು ಹಚ್ಚಿ ಪರೀಕ್ಷೆ ಮಾಡಿ. ಕುದುರೆಗೆ ಹತ್ತಿರ ಇದ್ದಷ್ಟೂ ಝೇಂಕಾರ ಜಾಸ್ತಿ, ದೂರ ಹೋದಂತೆ ಕೊಡದ ದನಿ ಜಾಸ್ತಿ. ಈ ತಟ್ಟೆಯನ್ನು ನೇರ ಮಿಕ್ಸರಿಗೆ ಹಾಕಿದರೆ ಬಾಸ್ ಬರುವುದಿಲ್ಲ, ದನಿ ತಗಡು ತಗಡಾಗುತ್ತದೆ. ಇನ್‌ಪುಟ್ ತಡೆ 1 ಮೆಗ್ ಅಥವಾ ಅದಕ್ಕೂ ಜಾಸ್ತಿ ಇರುವ ಪುಟ್ಟ ಪ್ರೀಆಂಪ್, ಅಂದರೆ ಮೊದಲೇ ದನಿ ಸ್ವಲ್ಪ ಬಲಪಡಿಸುವ ಆಂಪ್ಲಿಫೈಯರ್, ಮಧ್ಯೆ ಬೇಕು. ನನ್ನ ಹತ್ತಿರ ಒಂದಿದೆ, ಬರುವಾಗ ತರುತ್ತೇನೆ.